ಐದೇ ಸ್ವರಗಳೆಂಬ ಪಾಠ

ಇಂಗ್ಲಿಷಿನಲ್ಲಿ ಸ್ವರಗಳೆಷ್ಟು ಎಂದು ಕೇಳಿದರೆ ನಮ್ಮ ಮಕ್ಕಳು ಒಂದೇ ಉಸಿರಿಗೆ ‘ಎ, ಇ, ಐ, ಒ, ಯು’ ಎನ್ನುತ್ತಾರೆ. ಅವು ಅಕ್ಷರಗಳು, ಧ್ವನಿಗಳಲ್ಲ. ಬ್ರಿಟಿಷ್ ಮಾದರಿಯ ಉಚ್ಚಾರಣೆಯಲ್ಲಿ ಸ್ವರಧ್ವನಿಗಳು ಸುಮಾರು 20. ಈ ಅಂತರ ತುಂಬಲು ಬಂದದ್ದು ಕನ್ನಡ ಲಿಪಿಯಲ್ಲೇ ಉಚ್ಚಾರಣೆ ಬರೆದುಕೊಡುವ ಪದ್ಧತಿ.

ಅದನ್ನು ಪೂರಾ ಹಳಿಯಲಾರೆ. ‘ಶಿಪ್’, ‘ಶೀಪ್’ ಬೇರೆಯೆಂದು ತಿಳಿಯಲು ಹ್ರಸ್ವ-ದೀರ್ಘ ಬಲ್ಲ ಕಿವಿಗೆ ಕಷ್ಟವಿಲ್ಲ. ‘ಗೇಟ್’, ‘ಬೋಟ್’ ಪದಗಳ ಸ್ವರವನ್ನು ಲಂಡನ್ನಿನವರಂತೆ ಜಾರಿಸದಿದ್ದರೂ ಅರ್ಥಕ್ಕೆ ಧಕ್ಕೆಯಿಲ್ಲ.

ಪದ್ಧತಿ ಸೋಲುವುದು ‘ಬ್ಯಾಟ್’, ‘ಕ್ಯಾಟ್’ ಪದಗಳಲ್ಲಿ. ಈ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಯಕಾರದ ಒತ್ತು ಕೊಟ್ಟು ಬರೆಯುತ್ತೇವೆ, ಮಕ್ಕಳು ಇಲ್ಲದ ಯಕಾರವನ್ನೂ ಓದುತ್ತಾರೆ. ನೋವಿನ ಸಂಗತಿಯೆಂದರೆ, ಈ ಸ್ವರ ಅವರ ಬಾಯಲ್ಲೇ ಇದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಮನೆಮಾತಿನ ‘ಬ್ಯಾಡ’, ‘ಮ್ಯಾಲೆ’ ಕಿವಿಗೊಟ್ಟು ಕೇಳಿ: ಹಲವರ ಬಾಯಲ್ಲಿ ಯಕಾರದ ಸುಳಿವೂ ಇರದು, ನಾಲಿಗೆ ಮುಂದೆ ಚಾಚಿ, ತಗ್ಗಿ, ದವಡೆ ತೆರೆದು ಬರುವ ಶುದ್ಧ ಸ್ವರವದು. ತುಸು ಮೊಟಕು ಮಾಡಿದರೆ ‘ಬ್ಯಾಟ್’ ಸಿದ್ಧ. ಗಡಿ ಭಾಗದ ತೆಲುಗು ಮನೆಗಳ ಮಕ್ಕಳಿಗೂ ಇದು ಹೊಸದಲ್ಲ, ‘ಬಂದನು’ ಎನ್ನುವ ತೆಲುಗಿನ ‘ವಚ್ಚಾಡು’ವಿನ ನಡುವೆ ಇದೇ ಸ್ವರ. ಆದರೆ ಕನ್ನಡದ ತರಗತಿಯಲ್ಲಿ ‘ಬ್ಯಾಡ ಅಲ್ಲ, ಬೇಡ ಅನ್ನು’ ಎಂದು ತಿದ್ದಿ, ಮುಂದಿನ ಇಂಗ್ಲಿಷ್ ತರಗತಿಯಲ್ಲಿ ಅದೇ ಸ್ವರ ಬರಲಿಲ್ಲವೆಂದು ಬೈಯುತ್ತೇವೆ. 1810ರಲ್ಲೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಇಲ್ಲಿ ದುಡಿದ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂತು. ಇಷ್ಟು ಹಳೆಯ ನಂಟಿದ್ದೂ ಇಂಗ್ಲಿಷ್ ಪಾಠ ಇಲ್ಲಿಯ ಆಡುಮಾತಿನ ನೆರವು ಪಡೆಯದಿರುವುದು ದೊಡ್ಡ ನಷ್ಟ.

ಇನ್ನೊಂದು ಸೋಲು ಇದಕ್ಕಿಂತ ಆಳದ್ದು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರದರ ಪೂರ್ಣ ಉಚ್ಚಾರವುಂಟು. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಸ್ವರ ಮಾತ್ರ ನಿಚ್ಚಳ, ಉಳಿದವು ಮಸುಕು. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲಿಗೆ, ‘ಫೊಟಾಗ್ರಫಿ’ಯಲ್ಲಿ ಎರಡನೆಯದಕ್ಕೆ, ಒತ್ತು ಸರಿದೊಡನೆ ಮೊದಲ ಸ್ವರ ಕರಗಿಹೋಗುತ್ತದೆ. ಲಿಪಿ ಇದನ್ನು ತೋರಿಸದು. ಕೇಳಿಸಿಯೇ ಕಲಿಸಬೇಕು.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ. ಆ ಪುಟ್ಟ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರಲ್ಲಿ ನನ್ನ ಬೇಡಿಕೆ ಇಷ್ಟೇ: ಮಗು ‘ಬ್ಯಾಡ’ ಎಂದಾಗ ಗದರಬೇಡಿ, ಅಲ್ಲಿಂದಲೇ ‘ಬ್ಯಾಟ್’ ಕಲಿಸಿ.