ಕೆಳಗಿಡಲಾಗದ ಪುಟ್ಟ ಹೊತ್ತಗೆ

ಚಳ್ಳಕೆರೆ-ಮೊಳಕಾಲ್ಮುರು ಸೀಮೆಯ ವರವು ಕಾವಲ್ ಎಂದೊಡನೆ ಇಂದು ನೆನಪಾಗುವುದು 2017ರಲ್ಲಿ ಉದ್ಘಾಟನೆಗೊಂಡ ವೈಮಾನಿಕ ಪರೀಕ್ಷಾ ವಲಯ. ಅಮೃತಮಹಲ್ ದನಗಳು ಮೇಯುತ್ತಿದ್ದ ಈ ಕಾವಲುಗಳ ಸೀಮೆ ಕನ್ನಡಕ್ಕೆ ಅಪೂರ್ವವಾದ ಪುಸ್ತಕವೊಂದನ್ನೂ ಕೊಟ್ಟಿದೆ. ಅದು ಚಳ್ಳಕೆರೆ ತಾಲ್ಲೂಕಿನ ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’.

ಇದು ಕಟ್ಟುಕಥೆಯಲ್ಲ, ಮುಕುಂದೂರು ಸ್ವಾಮಿಗಳೆಂಬ ಅವಧೂತರ ಒಡನಾಟದ ನೆನಪು. ಆದರೂ ಕಾದಂಬರಿಯಂತೆ ಓದಿಸಿಕೊಂಡು ಹೋಗುತ್ತದೆ. ಏಕೆಂದರೆ ಲೇಖಕರು ಸ್ವಾಮಿಗಳ ಹಳ್ಳಿಮಾತನ್ನು ತಿದ್ದಿ ಗ್ರಾಂಥಿಕಗೊಳಿಸಿಲ್ಲ. ತಾವು ಪಕ್ಕಕ್ಕೆ ಸರಿದು ಅವರನ್ನೇ ಮಾತನಾಡಗೊಡುತ್ತಾರೆ. ಬಿತ್ತುವವನನ್ನೂ ಕಳೆದುಹೋದ ಕುರಿಯನ್ನೂ ಮುಂದಿಟ್ಟು ಬೋಧಿಸಿದ ಯೇಸುಸ್ವಾಮಿಯ ಸಾಮತಿಗಳನ್ನು ಬಲ್ಲ ನಮಗೆ ಈ ದಾರಿ ಅಪರಿಚಿತವಲ್ಲ.

ಅನ್ಯಧರ್ಮದ ಸಾಧುವಿನ ಕಥೆ ನಮ್ಮ ಮನೆಗೇಕೆಂದು ಹಿರಿಯರು ಕೇಳಬಹುದು. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆಗಿರುವ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿದೆ. ಹಾಗೆಂದು ಎಲ್ಲವನ್ನೂ ಒಪ್ಪಬೇಕಿಲ್ಲ. ಅಚ್ಚರಿಯ ಪ್ರಸಂಗಗಳೆದುರು ಲೇಖನಿ ಪ್ರಶ್ನಿಸದೆ ತಲೆಬಾಗುತ್ತದೆ. ಅದು ಕೃತಿಯ ಮಿತಿ. ಆದರೆ ಅಹಂಕಾರ ಕರಗಿದ ಮನುಷ್ಯನೊಬ್ಬನ ಎದುರು ಕುಳಿತಾಗ ನಮ್ಮ ಪ್ರಾರ್ಥನೆಯಲ್ಲಿ ಬಾಯಿಮಾತೆಷ್ಟು, ಬದುಕೆಷ್ಟು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆ ಪ್ರಶ್ನೆ ಕ್ರೈಸ್ತರಾದ ನಮಗೆ ಬೇಡವೇ?

ಸಂಜೆಯ ಜಪಸರದ ಬಳಿಕ ಮನೆಮಂದಿಯೆಲ್ಲ ಕುಳಿತು ಇದರ ಎರಡು ಪುಟಗಳನ್ನು ಗಟ್ಟಿಯಾಗಿ ಓದಿ ನೋಡಿರಿ. ಮೂರನೆಯ ಪುಟವನ್ನು ಮಕ್ಕಳೇ ಕೇಳುತ್ತಾರೆ.