ರಮಾಬಾಯಿಯವರ ‘ಸಾಕ್ಷ್ಯ’: ಗೌರವದ ಎರಡು ಮಾದರಿಗಳು ಮತ್ತು ಒಂದು ಓದು

ಪುಣೆಯ ವಾಯವ್ಯಕ್ಕಿರುವ ನಿಗಡಿ, 1972ರಲ್ಲಿ ಪಿಂಪ್ರಿ-ಚಿಂಚವಡ ನವನಗರ ವಿಕಾಸ ಪ್ರಾಧಿಕರಣ ಸ್ಥಾಪನೆಯಾದ ನಂತರ ವಿಸ್ತಾರಗೊಂಡ ವಸತಿ ಪ್ರದೇಶ. ಸುತ್ತಲಿನ ಕಾರ್ಖಾನೆಗಳನ್ನು ನೆಚ್ಚಿ ಬಂದ ಕನ್ನಡ ಕುಟುಂಬಗಳೂ ಇಲ್ಲಿ ನೆಲೆಸಿವೆ. ಇದೇ ಜಿಲ್ಲೆಯ ಪೂರ್ವ ಭಾಗದಲ್ಲಿ, ದೌಂಡ್ ತಾಲ್ಲೂಕಿನ ಕೇಡಗಾವಿನಲ್ಲಿ, ಪಂಡಿತಾ ರಮಾಬಾಯಿಯವರು (1858–1922) ಕಟ್ಟಿದ ಮುಕ್ತಿ ಮಿಷನ್ ಇದೆ. ನಿಗಡಿಯ ಕನ್ನಡಿಗರು ಅದನ್ನು ಮರಾಠಿ ನಾಡಿನ ಸಂಸ್ಥೆಯೆಂದೂ ರಮಾಬಾಯಿಯವರನ್ನು ಮರಾಠಿ ನಾಡಿನ ಸುಧಾರಕಿಯೆಂದೂ ಭಾವಿಸುವುದು ಸಹಜ. ಆದರೆ ಅವರು ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನ ಆಶ್ರಮದಲ್ಲಿ. ಆರು ತಿಂಗಳ ಕೂಸಾಗಿದ್ದಾಗ ಬೆತ್ತದ ಪೆಟ್ಟಿಗೆಯಲ್ಲಿ ಮಲಗಿ, ಹೊರೆಯಾಳಿನ ತಲೆಯ ಮೇಲೆ ಆ ಬೆಟ್ಟವನ್ನಿಳಿದರು. ಮುಂದೆ 1910ರ ದಶಕದ ಆರಂಭದಲ್ಲಿ ಅವರ ಆಸಕ್ತಿಯಿಂದಲೇ ಕಲಬುರಗಿಯಲ್ಲಿ ಶಾಲೆಯೊಂದು ತೆರೆಯಿತು. ಮಗಳು ಮನೋರಮಾ ಅದರ ಹೊಣೆ ಹೊತ್ತರು. ಇಷ್ಟಾದರೂ ಕನ್ನಡ ವಿಮರ್ಶೆಯಲ್ಲಿ ರಮಾಬಾಯಿಯವರಿಗೆ ದೊರೆತ ಸ್ಥಳ ಕಿರಿದು. ಈ ಕೊರತೆಯನ್ನು ಕೇವಲ ಪ್ರಾಂತಾಭಿಮಾನದ ನೆಲೆಯಲ್ಲಿ ತುಂಬಿಕೊಳ್ಳುವುದು ನಮ್ಮ ಉದ್ದೇಶವಲ್ಲ. ನಂಬುಗೆಯ ಹೆಣ್ಣನ್ನು ಗೌರವಿಸುವುದೆಂದರೆ ಏನು ಎಂಬ ಪ್ರಶ್ನೆಯನ್ನು ಅವರ ಬರಹದ ಮೂಲಕ ಎತ್ತುವುದಷ್ಟೇ ಇಲ್ಲಿನ ಪ್ರಯತ್ನ.

ರಮಾಬಾಯಿಯವರನ್ನು ಗೌರವಿಸುವ ಎರಡು ಮಾದರಿಗಳು ರೂಢಿಯಲ್ಲಿವೆ. ಮೊದಲನೆಯದು ರಾಷ್ಟ್ರೀಯ ಮಾದರಿ. 1989ರಲ್ಲಿ ಭಾರತೀಯ ಅಂಚೆ ಇಲಾಖೆ ಹೊರತಂದ ಅಂಚೆಚೀಟಿಯನ್ನು ಇದರ ಸಂಕೇತವಾಗಿ ಇರಿಸಿಕೊಳ್ಳಬಹುದು. ಇಲ್ಲಿ ಅವರು ಸಂಸ್ಕೃತ ವಿದುಷಿ, 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದವರು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದವರು. ಅವರ ಕ್ರೈಸ್ತ ಶ್ರದ್ಧೆ ಈ ಚಿತ್ರದಲ್ಲಿ ಒಂದು ಮುಜುಗರದ ಅಡಿಟಿಪ್ಪಣಿಯಾಗಿ ಉಳಿಯುತ್ತದೆ. ಎರಡನೆಯದು ಸಭೆಯ ಮಾದರಿ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಪಂಚಾಂಗದಲ್ಲಿ ಏಪ್ರಿಲ್ 30 ಅವರ ಸ್ಮರಣೆಯ ದಿನ. ಧರ್ಮಗ್ರಂಥದ ಅನುವಾದಕಿಯೆಂದು ಅಲ್ಲಿ ಅವರನ್ನು ನೆನೆಯುತ್ತಾರೆ. ಈ ಚಿತ್ರದಲ್ಲಿ ಶ್ರದ್ಧೆಯಿದೆ. ಆದರೆ ಆ ಶ್ರದ್ಧೆಯೊಳಗಿನ ಜಗಳ ಮರೆಯಾಗಿದೆ.

ಆ ಜಗಳ ಸಣ್ಣದಲ್ಲ. 1883ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದ ರಮಾಬಾಯಿಯವರು, ಮುಂದಿನ ವರ್ಷಗಳಲ್ಲಿ ತಮ್ಮ ಧರ್ಮಮಾತೆಯಾದ ಸಿಸ್ಟರ್ ಜೆರಾಲ್ಡಿನ್ ಅವರೊಂದಿಗೆ ನಡೆಸಿದ ಪತ್ರವ್ಯವಹಾರ 1977ರಲ್ಲಿ ಎ. ಬಿ. ಶಹಾ ಅವರ ಸಂಪಾದಕತ್ವದಲ್ಲಿ ಪ್ರಕಟವಾಗಿದೆ. ತ್ರಯೈಕತ್ವದ ಸಿದ್ಧಾಂತ ತಮಗೆ ಮನವರಿಕೆಯಾಗದೆ ಒಪ್ಪುವುದಿಲ್ಲವೆಂದು ಅವರು ಅಲ್ಲಿ ವಾದಿಸುತ್ತಾರೆ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಏಕೆ, ಸಂಸ್ಕೃತ ಏಕಾಗಬಾರದು ಎಂದು ಕೇಳುತ್ತಾರೆ. ಸಸ್ಯಾಹಾರವನ್ನು ಬಿಡಲೊಪ್ಪುವುದಿಲ್ಲ. ಒಂದು ಪುರೋಹಿತಶಾಹಿಯ ನೊಗವನ್ನು ಕಳಚಿ ಬಂದವರು ಇನ್ನೊಂದಕ್ಕೆ ಕೊರಳೊಡ್ಡಲಾರರು ಎಂಬುದು ಅವರ ನಿಲುವಿನ ತಾತ್ಪರ್ಯ. ಅಂದು ಆಂಗ್ಲಿಕನ್ ಶಿಸ್ತಿಗೆ ಮಣಿಯದ ಶಿಷ್ಯೆ ಇಂದು ಅದೇ ಸಭೆಯ ಪಂಚಾಂಗದಲ್ಲಿ ಸ್ಮರಣೀಯಳು. ಗೌರವವು ಮರೆವಿನ ಒಂದು ಸಭ್ಯ ರೂಪವೂ ಆಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಸ್ವದೇಶದಲ್ಲಿಯೂ ಅವರಿಗೆ ಬಿಡುಗಡೆಯಿರಲಿಲ್ಲ. 1890ರಲ್ಲಿ ಪುಣೆಗೆ ಸ್ಥಳಾಂತರಗೊಂಡ ಶಾರದಾ ಸದನದ ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಗಳಲ್ಲಿ ಪಾಲ್ಗೊಳ್ಳುತ್ತಾರೆಂಬ ಆಕ್ಷೇಪವೆದ್ದು, 1893ರಲ್ಲಿ ರಾನಡೆ, ಭಾಂಡಾರಕರ್ ಮೊದಲಾದವರು ಸಲಹಾ ಸಮಿತಿಯನ್ನು ತೊರೆದರು. ತಿಲಕರ ‘ಕೇಸರಿ’ ಪತ್ರಿಕೆ ಕಟುವಾಗಿ ಟೀಕಿಸಿತು. ಉಮಾ ಚಕ್ರವರ್ತಿ ಮತ್ತು ಗೌರಿ ವಿಶ್ವನಾಥನ್ ಅವರ 1998ರ ಅಧ್ಯಯನಗಳು ಈ ಇಕ್ಕಟ್ಟನ್ನು ಜಾತಿ, ವಸಾಹತುಶಾಹಿ ಹಾಗೂ ಮತಾಂತರಗಳ ಹಿನ್ನೆಲೆಯಲ್ಲಿ ವಿವೇಚಿಸಿವೆ. ಇವುಗಳಿಂದ ನಾವು ಕಲಿಯಬೇಕಾದುದು ಬಹಳಷ್ಟಿದೆ. ಆದರೂ ಅವರ ಶ್ರದ್ಧೆಯನ್ನು ಪ್ರತಿರೋಧದ ಒಂದು ತಂತ್ರವಾಗಿ ಮಾತ್ರ ಕಂಡರೆ ಬರಹದ ತಿರುಳು ಕೈತಪ್ಪುತ್ತದೆ.

1907ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ, ‘ನಮ್ಮ ಅಕ್ಷಯ ನಿಧಿಯ ಸಾಕ್ಷ್ಯ’ ಎಂದು ಅನುವಾದಿಸಬಹುದಾದ ಆತ್ಮಕಥನವನ್ನೇ ನೋಡಬಹುದು. ದೀಕ್ಷಾಸ್ನಾನವೇ ಅಲ್ಲಿ ಕಥೆಯ ಶಿಖರವಲ್ಲ. ತಾವು ಮೊದಲು ಕಂಡುಕೊಂಡದ್ದು ಕ್ರೈಸ್ತ ಧರ್ಮವನ್ನು. ಕ್ರಿಸ್ತನನ್ನು ಕಂಡುಕೊಂಡದ್ದು ಸುಮಾರು ಎಂಟು ವರ್ಷಗಳ ನಂತರ ಎಂದು ಅವರು ವಿವರಿಸುತ್ತಾರೆ. ಒಪ್ಪಿಕೊಂಡ ಮತಕ್ಕೂ ಒಳಗೆ ಬೆಳೆದ ಭಕ್ತಿಗೂ ನಡುವಿನ ಈ ಅಂತರವನ್ನು ಮುಚ್ಚಿಡದೆ ಬರೆದಿರುವುದು ಕೃತಿಯ ದೊಡ್ಡ ಗುಣ. ಇಲ್ಲಿ ಕನ್ನಡದ ಓದುಗರಿಗೆ ಅಕ್ಕಮಹಾದೇವಿಯ ನೆನಪಾಗುವುದು ಸ್ವಾಭಾವಿಕ. ಈ ಹೋಲಿಕೆಯನ್ನು ಎಚ್ಚರದಿಂದ ಬಳಸಬೇಕು. ಅಕ್ಕನದು ಮನೆಯನ್ನು ತೊರೆದು ನಡೆದವಳ ವಿರಹದ ನುಡಿ. ರಮಾಬಾಯಿಯವರದು ಮನೆಯಿಲ್ಲದವರಿಗೆ ಮನೆ ಕಟ್ಟಿದವರ ಲೆಕ್ಕ ಒಪ್ಪಿಸುವ ಗದ್ಯ. ಎರಡನ್ನೂ ‘ಸ್ತ್ರೀಭಕ್ತಿ’ ಎಂಬ ಒಂದೇ ಹೆಸರಿನಡಿ ಸೇರಿಸಿದರೆ ಎರಡಕ್ಕೂ ಅನ್ಯಾಯ.

ಭಕ್ತಿಯನ್ನು ಪೋಷಿಸುವ ಬಗೆಯನ್ನು ರಮಾಬಾಯಿಯವರು ಭಾಷೆಯ ಪ್ರಶ್ನೆಯಾಗಿಯೂ ಕಂಡರು. ಹೆಚ್ಚು ಓದದ ಹೆಂಗಸರಿಗೂ ತಿಳಿಯಬೇಕೆಂದು ಹೀಬ್ರೂ ಮತ್ತು ಗ್ರೀಕ್ ಕಲಿತು ಸತ್ಯವೇದವನ್ನು ಸರಳ ಮರಾಠಿಗೆ ತಂದರು. ಕೇಡಗಾವಿನ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದವರೂ ಅಲ್ಲಿಯ ಹೆಂಗಸರೇ. 1905ರಲ್ಲಿ ಮುಕ್ತಿಯಲ್ಲಿ ಉಜ್ಜೀವನ ಕಾಣಿಸಿಕೊಂಡು, ಎಲ್ಲರೂ ಏಕಕಾಲಕ್ಕೆ ದನಿಯೆತ್ತಿ ಪ್ರಾರ್ಥಿಸತೊಡಗಿದಾಗ, ಭಾರತೀಯರ ಭಕ್ತಿ ಅವರ ಸ್ವಭಾವಕ್ಕೆ ಒಪ್ಪುವ ರೀತಿಯಲ್ಲೇ ಪ್ರಕಟವಾಗಲಿ ಎಂದು ಅವರು ಸಮರ್ಥಿಸಿದರು.

ಹಾಗೆಂದು ಆರಾಧನೆಯ ದಾರಿ ಹಿಡಿಯಬೇಕಿಲ್ಲ. 1896ರ ನಂತರದ ಕ್ಷಾಮಗಳಲ್ಲಿ ಅನೇಕ ಜಾತಿಗಳ ನೂರಾರು ಹೆಣ್ಣುಮಕ್ಕಳು ಅವರ ಆಶ್ರಯಕ್ಕೆ ಬಂದರು. ತಮ್ಮ ಅಂತಃಸಾಕ್ಷಿಗಾಗಿ ರಮಾಬಾಯಿಯವರು ಕೇಳಿದ ಸ್ವಾತಂತ್ರ್ಯ, ಹಸಿದು ಬಂದ ಈ ಹುಡುಗಿಯರಿಗೂ ದೊರೆಯಿತೇ? ಅನ್ನ ಕೊಟ್ಟ ಕೈಯ ಎದುರಿನಲ್ಲಿ ‘ಒಲ್ಲೆ’ ಎನ್ನುವುದು ಸುಲಭವಲ್ಲ. ಈ ಪ್ರಶ್ನೆಯನ್ನು ಕೇಳುವ ಹಕ್ಕನ್ನು ನಮಗೆ ಕೊಟ್ಟಿರುವುದು ರಮಾಬಾಯಿಯವರ ಪತ್ರಗಳೇ.

ನಂಬುಗೆಯ ಹೆಣ್ಣನ್ನು ಗೌರವಿಸುವ ಮೂರನೆಯ ಮಾದರಿಯೂ ಅವರ ಬರಹದಲ್ಲಿಯೇ ಇದೆ. ತಾಯಿ ಲಕ್ಷ್ಮೀಬಾಯಿ ಗಂಡನಿಂದ ಸಂಸ್ಕೃತ ಕಲಿತವರು; ಹೆಣ್ಣಿಗೆ ವಿದ್ಯೆ ಕಲಿಸಿದ ಕಾರಣಕ್ಕೆ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಉಡುಪಿಯ ವಿದ್ವತ್ಸಭೆಯ ಮುಂದೆ ಶಾಸ್ತ್ರಾಧಾರ ನೀಡಿ ಸಮರ್ಥಿಸಿಕೊಳ್ಳಬೇಕಾಯಿತು. ಆ ತಾಯಿ ನಸುಕಿನಲ್ಲಿ ಮಗಳನ್ನು ಎಬ್ಬಿಸಿ ಪಾಠ ಹೇಳಿದರು. 1870ರ ದಶಕದ ಬರಗಾಲದಲ್ಲಿ ತಾಯಿ ತೀರಿಕೊಂಡಾಗ ಚಟ್ಟಕ್ಕೆ ಹೆಗಲು ಕೊಡಲು ಸಾಕಷ್ಟು ಜನರಿರಲಿಲ್ಲ. ಗಿಡ್ಡಗಿದ್ದ ರಮಾಬಾಯಿಯವರು ತಮ್ಮ ಪಾಲನ್ನು ತಲೆಯ ಮೇಲೆ ಹೊತ್ತರು. ಕ್ರೈಸ್ತರಾದ ಮೇಲೆ 1887ರಲ್ಲಿ ಪ್ರಕಟಿಸಿದ, ಉಚ್ಚ ಜಾತಿಯ ಹಿಂದೂ ಸ್ತ್ರೀಯರ ಕುರಿತ ಇಂಗ್ಲಿಷ್ ಗ್ರಂಥವನ್ನು ಅವರು ಅರ್ಪಿಸಿದ್ದು ಕೊನೆಯವರೆಗೆ ವೈಷ್ಣವ ಶ್ರದ್ಧೆಯಲ್ಲಿ ಬಾಳಿದ ಈ ತಾಯಿಯ ನೆನಪಿಗೆ. ತಾಯಿಯ ಮತವನ್ನು ಮಗಳು ಉಳಿಸಿಕೊಳ್ಳಲಿಲ್ಲ, ಅದರ ಆಚರಣೆಗಳನ್ನು ಟೀಕಿಸುವುದನ್ನೂ ಬಿಡಲಿಲ್ಲ; ಆದರೆ ತಾಯಿಯ ಋಣವನ್ನು ಎಲ್ಲಿಯೂ ಮರೆಮಾಚಲಿಲ್ಲ.

ಒಪ್ಪದೆಯೂ ಗೌರವಿಸುವ, ಗೌರವಿಸಿಯೂ ಪ್ರಶ್ನಿಸುವ ಈ ರೀತಿಯಲ್ಲಿಯೇ ರಮಾಬಾಯಿಯವರನ್ನು ಕನ್ನಡದಲ್ಲಿ ಓದಬೇಕಾಗಿದೆ. ಸಾಕ್ಷ್ಯ ಮತ್ತು ಪತ್ರಗಳ ಒಂದು ಸಟಿಪ್ಪಣ ಕನ್ನಡ ಆವೃತ್ತಿಯನ್ನು ಸಿದ್ಧಪಡಿಸುವ ಕೆಲಸವನ್ನು ಮರಾಠಿಯನ್ನೂ ಬಲ್ಲ ಹೊರನಾಡಿನ ಕನ್ನಡ ಸಂಶೋಧಕರು ಕೈಗೆತ್ತಿಕೊಳ್ಳಬಹುದು. ನಿಗಡಿಯಿಂದ ಕೇಡಗಾವು ಬಹಳ ದೂರವಿಲ್ಲ.