ತಳ ತಿರುಗಿಸಿದರೆ ತೆರೆಯುವ ಪೆಟ್ಟಿಗೆ

2012ರ ಮ್ಯಾಕ್ ಮಿನಿಯನ್ನು ಬೋರಲು ಹಾಕಿ, ತಳದ ಕಪ್ಪು ಮುಚ್ಚಳದ ಎರಡು ತಗ್ಗುಗಳಿಗೆ ಹೆಬ್ಬೆರಳು ಕೊಟ್ಟು ಎಡಕ್ಕೆ ತಿರುಗಿಸಿದರೆ ಹಾರ್ಲಿಕ್ಸ್ ಬಾಟಲಿಯ ಮುಚ್ಚಳದಂತೆ ಕಳಚಿ ಬರುತ್ತದೆ. ಸ್ಕ್ರೂಡ್ರೈವರ್ ಬೇಡ. ರ‍್ಯಾಮ್ ಕಣ್ಣೆದುರೇ ಇದೆ, ಒಂದರ ಮೇಲೊಂದು ಎರಡು ಪಟ್ಟಿ. ಇಕ್ಕೆಲದ ಕ್ಲಿಪ್ಪುಗಳನ್ನು ಉಗುರಿನಲ್ಲಿ ಹೊರಕ್ಕೆ ಸರಿಸಿದರೆ ಪಟ್ಟಿ ತಾನೇ ಓರೆಯಾಗಿ ಏಳುತ್ತದೆ. ಹೊಸದನ್ನು ಅದೇ ಓರೆಯಲ್ಲಿ ತೂರಿಸಿ ಕೆಳಗೆ ಒತ್ತಿದರೆ ಟಕ್ಕನೆ ಕೂರುತ್ತದೆ. 4 ಜಿಬಿ ಇದ್ದದ್ದು 16 ಆಯಿತು.

ಡಿಸ್ಕಿನ ಕೆಲಸ ಇಷ್ಟು ಸಲೀಸಲ್ಲ. ಫ್ಯಾನ್ ಬಿಚ್ಚಬೇಕು, ವೈಫೈ ಆಂಟೆನಾದ ಜಾಲರಿ ಎತ್ತಬೇಕು, ನಕ್ಷತ್ರ ತಲೆಯ ಪುಟ್ಟ ಸ್ಕ್ರೂಗಳನ್ನು ಅಳತೆವಾರು ಬೇರೆ ಇಡಬೇಕು. ಆಂಟೆನಾದ ತಂತಿ ಬಲು ಸಣ್ಣದು. ಕೈ ಒರಟಿದ್ದವರು ಮುಟ್ಟದಿರುವುದೇ ವಾಸಿ. ಆದರೆ ನಿಮಿಷಕ್ಕೆ 5400 ಸುತ್ತುವ ಹಾರ್ಡ್‌ಡಿಸ್ಕಿನ ಜಾಗದಲ್ಲಿ ಎರಡೂವರೆ ಇಂಚಿನ ಎಸ್‌ಎಸ್‌ಡಿ ಕೂತಿತೋ, ಯಂತ್ರಕ್ಕೆ ಪ್ರಾಯ ಮರಳುತ್ತದೆ. ಎರಡಕ್ಕೂ ದುಡ್ಡಿಲ್ಲದಿದ್ದರೆ ಮೊದಲು ಇದನ್ನೇ ಹಾಕಿಸಿ ಎನ್ನುವವನು ನಾನು.

2014ರ ಮಾದರಿಯಲ್ಲಿ ಆಪಲ್ ರ‍್ಯಾಮನ್ನು ಬೋರ್ಡಿಗೇ ಬೆಸೆದುಬಿಟ್ಟಿತು. ಕೊಳ್ಳುವ ದಿನ ಎಷ್ಟೋ, ಕಡೆತನಕ ಅಷ್ಟೇ. 2018ರಲ್ಲಿ ರ‍್ಯಾಮಿನ ಸ್ಲಾಟ್ ಮರಳಿತಾದರೂ ಅದನ್ನು ಮುಟ್ಟಲು ಇಡೀ ಬೋರ್ಡನ್ನೇ ಹೊರಗೆಳೆಯಬೇಕು. ಈ ಸಲ ಬೆಸುಗೆ ಬಿದ್ದದ್ದು ಸ್ಟೋರೇಜಿಗೆ. 2012ರದ್ದನ್ನು ಜನ ಇನ್ನೂ ಜೋಪಾನ ಮಾಡುವುದು ಸುಮ್ಮನಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರ‍್ಯಾಮ್ ಕೇಳುವಾಗ ಮಾತ್ರ ಲ್ಯಾಪ್‌ಟಾಪಿನ ಡಿಡಿಆರ್3 ಎಂದೇ ಹೇಳಿ. ಡೆಸ್ಕ್‌ಟಾಪ್ ಎಂದಿರೋ, ಉದ್ದನೆಯ ಪಟ್ಟಿ ಕೈಗಿಟ್ಟುಬಿಡುತ್ತಾರೆ.